ಎಡ್ವರ್ಡ್, ಎಡ್ಮಂಡ್, ಎಡ್ಗರ್, ಎಡ್ವಿನ್: ಒಂದೇ ಬೇರಿನ ನಾಲ್ಕು ಹೆಸರಲ್ಲಿ ಯಾವುದನ್ನು ಇಡಬೇಕು?

ಈ ನಾಲ್ಕೂ ಹೆಸರುಗಳ ಮೊದಲರ್ಧ ಒಂದೇ. ಹಾಗಾಗಿ ಮೊದಲರ್ಧದ ಅರ್ಥ ನೋಡಿ ಆರಿಸಲು ಹೊರಟರೆ ನಾಲ್ಕೂ ಸಮ. ವ್ಯತ್ಯಾಸ ಇರುವುದು ಎರಡನೇ ಅರ್ಧದಲ್ಲಿ, ಮತ್ತು ಅದಕ್ಕಿಂತ ಹೆಚ್ಚಾಗಿ ಸಾವಿರ ವರ್ಷ ಆ ಹೆಸರನ್ನು ಯಾರು ಹೊತ್ತು ತಂದರು ಎಂಬುದರಲ್ಲಿ. ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಎಡ್ವರ್ಡ್, ಎಡ್ಮಂಡ್, ಎಡ್ವಿನ್ ಇಂದಿಗೂ ಕಿವಿಗೆ ಬೀಳುವ ಹೆಸರುಗಳು. ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರ ಪಟ್ಟಿಯಲ್ಲೂ ಇವು ಬಂದಾವು. ಅರ್ಥ, ಇತಿಹಾಸ, ಉಚ್ಚಾರ, ಕಾಗದಪತ್ರ ಈ ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡು ನೋಡೋಣ.

ಮೊದಲರ್ಧ: ಧನವೂ ಹೌದು, ಧನ್ಯತೆಯೂ ಹೌದು

1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಭಾಷೆಯನ್ನು ಹಳೆಯ ಇಂಗ್ಲಿಷ್ ಎನ್ನುತ್ತಾರೆ. ಅದರಲ್ಲಿ ‘ಏಅಡ್’ ಎಂದು ಸುಮಾರಾಗಿ ಬರೆಯಬಹುದಾದ ಒಂದು ಪದವಿತ್ತು. ಸಂಪತ್ತು, ಭಾಗ್ಯ, ಸುಖ ಎಂದು ಅದರ ಅರ್ಥ. ಮುಂದೆ ಎರಡು ವ್ಯಂಜನ ಒಟ್ಟಿಗೆ ಬಂದಾಗ ಉದ್ದದ ಸ್ವರ ಕುಗ್ಗಿ ‘ಎಡ್’ ಆಯಿತು. ಒಂಟಿ ಪದವಾಗಿ ಅದು ಇಂದಿನ ಇಂಗ್ಲಿಷಿನಲ್ಲಿ ಉಳಿದಿಲ್ಲ, ಹೆಸರುಗಳ ಒಳಗೆ ಮಾತ್ರ ಜೀವ ಹಿಡಿದುಕೊಂಡಿದೆ.

ಹೆಸರಿನ ಪಟ್ಟಿಗಳು ಸಾಮಾನ್ಯವಾಗಿ ‘ಶ್ರೀಮಂತ’ ಎಂದು ಬರೆದು ಮುಗಿಸಿಬಿಡುತ್ತವೆ. ಅಲ್ಲಿಗೆ ನಿಂತರೆ ಪದದ ಅರ್ಧ ಭಾಗ ಕೈತಪ್ಪುತ್ತದೆ. ಇದೇ ಪದದಿಂದ ಹುಟ್ಟಿದ ಗುಣವಾಚಕವನ್ನು ಹಳೆಯ ಇಂಗ್ಲಿಷಿನ ಸುವಾರ್ತೆಗಳಲ್ಲಿ ಯೇಸುವಿನ ಬೆಟ್ಟದ ಮೇಲಿನ ಉಪದೇಶಕ್ಕೆ ಬಳಸಿದ್ದಾರೆ. ಕನ್ನಡ ಬೈಬಲಿನಲ್ಲಿ ‘ಧನ್ಯರು’ ಎಂದಿರುವ ಜಾಗದಲ್ಲೇ ಅಲ್ಲಿ ಆ ಪದ ಇರುವುದು. ಅಂದರೆ ‘ಧನ’ ಮತ್ತು ‘ಧನ್ಯ’ ನಮ್ಮಲ್ಲಿ ಹೇಗೆ ಒಂದೇ ಬೇರಿನವೋ, ಅಲ್ಲೂ ಸಂಪತ್ತಿನ ಪದವೇ ಧನ್ಯತೆಯ ಪದ. ಮಗುವಿಗೆ ಹಣದ ಹೆಸರು ಇಡುತ್ತಿದ್ದೇವಲ್ಲಾ ಎಂದು ಹಿಂಜರಿಯುವವರು ಹಿಂಜರಿಯಬೇಕಾಗಿಲ್ಲ.

ಇನ್ನೊಂದು ಮಾತು ಕರಾವಳಿಯವರಿಗೆ. ಈ ಹೆಸರುಗಳೆಲ್ಲ ಮನೆಯಲ್ಲಿ ‘ಎಡ್ಡಿ’ ಆಗುತ್ತವೆ, ತುಳುವಿನಲ್ಲಿ ‘ಎಡ್ಡೆ’ ಎಂದರೆ ಒಳ್ಳೆಯದು. ಎರಡು ಪದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಅಜ್ಜಿಯಂದಿರ ಬಾಯಿಗೆ ಈ ಹೆಸರು ಹಿತವಾಗಿ ಒಗ್ಗಲು ಅಷ್ಟು ಸಾಕು.

ಎರಡನೇ ಅರ್ಧ: ಕಾವಲು, ಕೈ, ಈಟಿ, ಗೆಳೆಯ

ಎಡ್ವರ್ಡ್‌ನ ಉತ್ತರಪದ ‘ವೆಅರ್ಡ್’, ಕಾವಲುಗಾರ. ಆಸ್ಪತ್ರೆಯ ‘ವಾರ್ಡ್’ ಇದೇ ಪದ. ನಾವು ದಿನಾ ಬಳಸುವ ‘ಗಾರ್ಡ್’ ಸಹ ಅದೇ ಮೂಲದ್ದು, ಫ್ರೆಂಚ್ ಮನೆ ಸುತ್ತಿಕೊಂಡು ಇಂಗ್ಲಿಷಿಗೆ ಬಂದದ್ದು. ಭಾಗ್ಯವನ್ನು ಕಾಯುವವನು ಎಡ್ವರ್ಡ್. ನಮ್ಮಲ್ಲಿ ಇದಕ್ಕೆ ಸರಿಜೋಡಿಯಾದ ಹೆಸರು ಸಿದ್ಧವಾಗಿಯೇ ಇದೆ: ಧನಪಾಲ.

ಎಡ್ಮಂಡ್‌ನ ‘ಮುಂಡ್’ ಎಂದರೆ ರಕ್ಷಣೆ. ಅದೇ ಪದಕ್ಕೆ ಹಳೆಯ ಕಾವ್ಯದಲ್ಲಿ ‘ಕೈ’ ಎಂಬ ಅರ್ಥವೂ ಇದೆ. ಕಾನೂನಿನಲ್ಲಿ ಒಬ್ಬರ ಆಶ್ರಯಕ್ಕೆ, ಪೋಷಣೆಗೆ ಒಳಪಟ್ಟಿರುವುದನ್ನೂ ಈ ಪದವೇ ಹೇಳುತ್ತಿತ್ತು. ಎಡ್ವರ್ಡ್ ಬಾಗಿಲಲ್ಲಿ ನಿಂತ ಕಾವಲುಗಾರನಾದರೆ ಎಡ್ಮಂಡ್ ತಲೆಯ ಮೇಲಿಟ್ಟ ಅಭಯಹಸ್ತ. ನಾಲ್ಕರಲ್ಲಿ ಅರ್ಥದ ದೃಷ್ಟಿಯಿಂದ ಅತ್ಯಂತ ಚೆಂದದ್ದು ಇದೇ ಎಂಬುದು ನಮ್ಮ ಅಭಿಪ್ರಾಯ.

ಎಡ್ಗರ್‌ನ ‘ಗಾರ್’ ಎಂದರೆ ಈಟಿ. ಹೋಟೆಲ್ ಮೆನುವಿನ ‘ಗಾರ್ಲಿಕ್’ನಲ್ಲಿ ಇರುವುದೂ ಇದೇ ಗಾರ್. ಹಳೆಯ ಇಂಗ್ಲಿಷರು ಬೆಳ್ಳುಳ್ಳಿಯನ್ನು ‘ಈಟಿ ಈರುಳ್ಳಿ’ ಎಂಬಂಥ ಹೆಸರಿನಿಂದ ಕರೆದರು. ಒಂದು ಎಸಳನ್ನು ಬಿಡಿಸಿ ಅಂಗೈ ಮೇಲಿಟ್ಟು ನೋಡಿ, ತಳ ಅಗಲ, ತುದಿ ಚೂಪು, ಬೆನ್ನು ಬಾಗಿದೆ: ಈಟಿಯ ಮೊನೆಯೇ.

ಎಡ್ವಿನ್‌ನ ‘ವಿನೆ’ ಎಂದರೆ ಗೆಳೆಯ. ಇಲ್ಲಿ ಹೆಚ್ಚು ಜನ ಎಡವುತ್ತಾರೆ. ಗೆಲ್ಲು ಎಂಬ ಅರ್ಥದ ಇಂಗ್ಲಿಷ್ ‘ವಿನ್’ ಕಿವಿಯಲ್ಲಿ ಇರುವುದರಿಂದ ‘ವಿಜೇತ’ ಎಂದು ಅರ್ಥ ಹೇಳಿಬಿಡುತ್ತಾರೆ. ಹೆಸರು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಗೆಲುವಲ್ಲ, ಸ್ನೇಹ. ಗಾಡ್ವಿನ್, ಬಾಲ್ಡ್ವಿನ್ ಹೆಸರುಗಳ ಕೊನೆಯಲ್ಲಿರುವುದೂ ಈ ಗೆಳೆಯನೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಈ ಹೆಸರುಗಳನ್ನು ತತ್ಪುರುಷ ಸಮಾಸದಂತೆ ಬಿಡಿಸಿ ‘ಇದರ ಅರ್ಥ ಇದೇ’ ಎಂದು ಹಟ ಹಿಡಿಯಬಾರದು. ಆಂಗ್ಲೋ ಸ್ಯಾಕ್ಸನ್, ಅಂದರೆ ನಾರ್ಮನ್ನರಿಗೆ ಮುಂಚಿನ ಇಂಗ್ಲಿಷರ ಮನೆಗಳಲ್ಲಿ ತಂದೆಯ ಹೆಸರಿನಿಂದ ಒಂದು ತುಂಡು, ತಾಯಿಯ ಹೆಸರಿನಿಂದ ಇನ್ನೊಂದು ತುಂಡು ತೆಗೆದು ಮಗುವಿಗೆ ಹೆಸರು ಕಟ್ಟುವುದಿತ್ತು. ವೂಸ್ಟರಿನ ಬಿಷಪ್ ಆಗಿದ್ದ ಸಂತ ವುಲ್ಫ್‌ಸ್ಟನ್ ಇದಕ್ಕೆ ಒಳ್ಳೆಯ ಉದಾಹರಣೆ. ತಂದೆ ಏಥೆಲ್‌ಸ್ಟನ್, ತಾಯಿ ವುಲ್ಫ್‌ಗಿವು. ತಾಯಿಯ ‘ವುಲ್ಫ್’, ತಂದೆಯ ‘ಸ್ಟನ್’ ಸೇರಿ ಮಗ ವುಲ್ಫ್‌ಸ್ಟನ್. ‘ತೋಳ ಕಲ್ಲು’ ಎಂದು ಅರ್ಥ ಹುಡುಕಿದರೆ ಏನೂ ಸಿಕ್ಕುವುದಿಲ್ಲ. ತುಂಡುಗಳು ಶುಭಪದಗಳು, ಜೋಡಣೆ ವಂಶದ ಗುರುತು. ರಾಜಮನೆತನದಲ್ಲಂತೂ ‘ಎಡ್’ ಎಂಬುದೇ ವಂಶದ ಮುದ್ರೆಯಾಗಿತ್ತು. ಆಲ್ಫ್ರೆಡ್ ದೊರೆಯ ಮಗ ಹಿರಿಯ ಎಡ್ವರ್ಡ್, ಅವನ ಮಕ್ಕಳಲ್ಲಿ ಎಡ್ಮಂಡ್, ಎಡ್ರೆಡ್, ಎಡ್ವಿನ್, ಮೊಮ್ಮಗ ಎಡ್ಗರ್.

ನಾಲ್ಕರಲ್ಲಿ ಎರಡು ಉಳಿದದ್ದು, ಎರಡು ಮುಳುಗಿದ್ದು ಏಕೆ

1066ರ ನಂತರ ಇಂಗ್ಲಿಷ್ ಹೆಸರು ಇಟ್ಟುಕೊಳ್ಳುವುದೇ ಕೀಳಾಯಿತು. ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ ಎಂಬ ಗೆದ್ದವರ ಹೆಸರುಗಳನ್ನು ಸೋತವರೂ ತಮ್ಮ ಮಕ್ಕಳಿಗೆ ಇಡತೊಡಗಿದರು. 1100ರಲ್ಲಿ 1ನೇ ಹೆನ್ರಿ ಸ್ಕಾಟ್ಲೆಂಡಿನ ರಾಜಕುಮಾರಿಯನ್ನು ಮದುವೆಯಾದ. ಆಕೆಯ ಹೆಸರು ಎಡಿತ್, ‘ಎಡ್’ ಕುಟುಂಬದ್ದೇ ಹೆಸರು, ತಾಯಿಯ ಕಡೆಯಿಂದ ಹಳೆಯ ಇಂಗ್ಲಿಷ್ ರಾಜವಂಶದವಳು. ರಾಣಿಯಾದಾಗ ಆಕೆ ಮಟಿಲ್ಡಾ ಆದಳು. ಅಷ್ಟಾದರೂ ಆಸ್ಥಾನದ ನಾರ್ಮನ್ನರು ಗಂಡ ಹೆಂಡಿರನ್ನು ‘ಗಾಡ್ರಿಕ್ ಮತ್ತು ಗಾಡ್ಗಿವು’ ಎಂದು ಹಳ್ಳಿಯ ಇಂಗ್ಲಿಷ್ ಹೆಸರುಗಳಿಂದ ಕರೆದು ಅಣಕಿಸುತ್ತಿದ್ದರಂತೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಆರ್ಡೆರಿಕ್ ಎಂಬ ಹುಡುಗನನ್ನು ನಾರ್ಮಂಡಿಯ ಮಠಕ್ಕೆ ಕಳಿಸಿದಾಗ ಅಲ್ಲಿನ ಸನ್ಯಾಸಿಗಳ ಕಿವಿಗೆ ಆ ಹೆಸರು ಒರಟಾಗಿ ಕೇಳಿ, ವಿಟಾಲಿಸ್ ಎಂದು ಬದಲಿಸಿದರು. ಮುಂದೆ ದೊಡ್ಡ ಇತಿಹಾಸಕಾರನಾದವನು ಅವನೇ.

ಇಂಥ ಕಾಲದಲ್ಲಿ ಎಡ್ವರ್ಡ್ ಮತ್ತು ಎಡ್ಮಂಡ್ ಬದುಕಿದ್ದು ಇಬ್ಬರು ಸಂತರ ಬಲದಿಂದ. ಒಬ್ಬ, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾಗಿರುವ ದೊರೆ ಎಡ್ವರ್ಡ್. 1042ರಿಂದ 1066ರವರೆಗೆ ಆಳಿದವನು, 1161ರಲ್ಲಿ ಸಂತ ಪದವಿಗೆ ಏರಿದವನು. ಇನ್ನೊಬ್ಬ, ಆಗಿನ ಪೂರ್ವ ಆಂಗ್ಲಿಯಾ ರಾಜ್ಯದ ದೊರೆ ಎಡ್ಮಂಡ್. 869ರಲ್ಲಿ ಡೆನ್ಮಾರ್ಕ್ ಕಡೆಯಿಂದ ದಾಳಿ ಬಂದ ಡೇನರ ಕೈಯಲ್ಲಿ ಹತನಾದ. ಅವನ ಹೆಸರಿನ ಪಟ್ಟಣ ಬರಿ ಸೇಂಟ್ ಎಡ್ಮಂಡ್ಸ್ ಇಂದಿಗೂ ಸಫಕ್ ಪ್ರಾಂತದಲ್ಲಿದೆ.

ತಿರುವು ಬಂದದ್ದು 3ನೇ ಹೆನ್ರಿಯಿಂದ. ಅವನು ಈ ಇಬ್ಬರು ಸಂತರ ಪರಮ ಭಕ್ತ. 1239ರಲ್ಲಿ ಹುಟ್ಟಿದ ಹಿರಿಯ ಮಗನಿಗೆ ಎಡ್ವರ್ಡ್ ಎಂದೂ 1245ರಲ್ಲಿ ಹುಟ್ಟಿದ ಎರಡನೆಯವನಿಗೆ ಎಡ್ಮಂಡ್ ಎಂದೂ ಹೆಸರಿಟ್ಟ. ಫ್ರೆಂಚ್ ಮಾತಾಡುವ ರಾಜಮನೆತನದ ತೊಟ್ಟಿಲಲ್ಲಿ ಸೋತವರ ಹೆಸರು ಮತ್ತೆ ಕೇಳಿಬಂತು. ಹಿರಿಯವನು 1272ರಲ್ಲಿ 1ನೇ ಎಡ್ವರ್ಡ್ ಆದ. ಅವನ ನಂತರ ಮಗ, ಮೊಮ್ಮಗ ಕೂಡ ಎಡ್ವರ್ಡ್‌ಗಳೇ. ಅಲ್ಲಿಂದ ಈ ಹೆಸರಿನ ಬಳಕೆ ಕಡಿದದ್ದೇ ಇಲ್ಲ.

ಈ ಇಬ್ಬರು ಸಂತರನ್ನೂ ಅಕ್ಕಪಕ್ಕ ನೋಡಬೇಕೆಂದರೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ವಿಲ್ಟನ್ ಡಿಪ್ಟಿಕ್ ಎಂಬ ಎರಡು ಹಲಗೆಯ ಚಿತ್ರವನ್ನು ನೋಡಬೇಕು. 14ನೇ ಶತಮಾನದ ಕೊನೆಯದು. ಎಡ ಹಲಗೆಯಲ್ಲಿ 2ನೇ ರಿಚರ್ಡ್ ಮಂಡಿಯೂರಿದ್ದಾನೆ, ಹಿಂದೆ ಮೂವರು ನಿಂತಿದ್ದಾರೆ. ಸ್ನಾನಿಕ ಯೋಹಾನನ ಜೊತೆಗಿರುವ ಇಬ್ಬರು ಕಿರೀಟಧಾರಿಗಳೇ ನಮ್ಮ ಎಡ್ಮಂಡ್ ಮತ್ತು ಎಡ್ವರ್ಡ್. ಎಡ್ಮಂಡನ ಕೈಯಲ್ಲಿ ಒಂದು ಬಾಣ, ಏಕೆಂದರೆ ಅವನನ್ನು ಬಾಣ ಬಿಟ್ಟು ಕೊಂದರೆಂಬುದು ಐತಿಹ್ಯ. ಎಡ್ವರ್ಡನ ಬೆರಳುಗಳ ನಡುವೆ ಒಂದು ಉಂಗುರ. ಭಿಕ್ಷುಕನಿಗೆ ತನ್ನ ಉಂಗುರವನ್ನೇ ಬಿಚ್ಚಿಕೊಟ್ಟನೆಂಬ ಕಥೆಯ ಗುರುತು ಅದು. ಒಂದು ಹೆಸರಿಗೆ ನಂಬಿಕೆಗಾಗಿ ಪ್ರಾಣ ಬಿಟ್ಟವನ ನೆನಪು, ಇನ್ನೊಂದಕ್ಕೆ ಕೈಬಿಚ್ಚಿ ಕೊಟ್ಟವನ ನೆನಪು. ಇವೆರಡರ ನಡುವೆ ಆರಿಸಬೇಕಾದವರಿಗೆ ನಿಘಂಟಿಗಿಂತ ಈ ಚಿತ್ರ ಹೆಚ್ಚು ಹೇಳುತ್ತದೆ.

ಎಡ್ಗರ್ ಮತ್ತು ಎಡ್ವಿನ್‌ಗೆ ಇಂಥ ಆಸರೆ ಸಿಗಲಿಲ್ಲ. 959ರಿಂದ 975ರವರೆಗೆ ಆಳಿದ ಎಡ್ಗರ್ ಸಮರ್ಥ ದೊರೆ. 973ರಲ್ಲಿ ಬಾತ್ ನಗರದಲ್ಲಿ ಅವನಿಗೆ ನಡೆದ ಪಟ್ಟಾಭಿಷೇಕದ ಕ್ರಮವೇ ಮುಂದಿನ ಇಂಗ್ಲಿಷ್ ಪಟ್ಟಾಭಿಷೇಕಗಳಿಗೆ ಅಡಿಪಾಯ. ಹೆಸರಿನಲ್ಲಿ ಈಟಿ ಇದ್ದರೂ ಇತಿಹಾಸ ಅವನನ್ನು ‘ಶಾಂತಿಯ ದೊರೆ’ ಎಂದು ಕರೆಯಿತು. ಆದರೆ ಹೆಸರಿನ ಹಣೆಬರಹ ಬರೆದದ್ದು ಇನ್ನೊಬ್ಬ ಎಡ್ಗರ್. 1066ರಲ್ಲಿ ನಾರ್ಮನ್ನರೊಡನೆ ಹೇಸ್ಟಿಂಗ್ಸ್ ಎಂಬಲ್ಲಿ ನಡೆದ ಯುದ್ಧದ ಸೋಲಿನ ನಂತರ ಲಂಡನ್ನಿನಲ್ಲಿ ದೊರೆಯೆಂದು ಆರಿಸಿದ ಆ ಹುಡುಗನಿಗೆ ಕಿರೀಟ ದಕ್ಕಲೇ ಇಲ್ಲ. ಸೋತ ವಂಶದ ಕೊನೆಯ ಕುಡಿಯ ಹೆಸರನ್ನು ಇಡಲು ಯಾರಿಗೂ ಮನಸ್ಸಾಗಿರಲಾರದು. ಎಡ್ವಿನ್ ಇನ್ನೂ ಹಳಬ. ಉತ್ತರ ಇಂಗ್ಲೆಂಡಿನ ನಾರ್ಥಂಬ್ರಿಯಾ ರಾಜ್ಯದ ದೊರೆ ಎಡ್ವಿನ್ 627ರಲ್ಲಿ ಯಾರ್ಕಿನಲ್ಲಿ ದೀಕ್ಷಾಸ್ನಾನ ಪಡೆದ, 633ರಲ್ಲಿ ಯುದ್ಧದಲ್ಲಿ ಮಡಿದ. ಎಡಿನ್‌ಬರೋ ನಗರಕ್ಕೆ ಅವನಿಂದ ಹೆಸರು ಬಂತೆಂಬ ಮಾತು ಪುಸ್ತಕಗಳಲ್ಲೂ ಸಿಕ್ಕೀತು, ನಂಬಬೇಡಿ. ಅದು ‘ಡಿನ್ ಐಡಿನ್’ ಎಂಬ ಹಳೆಯ ಕೆಲ್ಟಿಕ್ ಸ್ಥಳನಾಮದಿಂದ ಬಂದದ್ದು. ಈ ಎರಡೂ ಹೆಸರು ಮಧ್ಯಯುಗದಲ್ಲಿ ಬಹುಮಟ್ಟಿಗೆ ಮರೆಯಾಗಿ, 19ನೇ ಶತಮಾನದಲ್ಲಿ ಹಳೆಯ ಕಾಲದ ಮೇಲಿನ ಮೋಹ ಹೆಚ್ಚಿದಾಗ ಮರಳಿ ಬಂದವು.

ಇಂಡಿಯಾ ಕಂಡ ಎಡ್‌ಗಳು

ಎಡ್ವರ್ಡ್ ಹೆಸರು ನಮ್ಮ ಜನರ ಕೈಗೆ ಅಕ್ಷರಶಃ ಬಂದದ್ದು ಬ್ರಿಟಿಷ್ ದೊರೆ 7ನೇ ಎಡ್ವರ್ಡನ ಬೆಳ್ಳಿ ರೂಪಾಯಿಯಲ್ಲಿ, 1903ರಿಂದ 1910ರವರೆಗಿನ ಇಸವಿ ಹೊತ್ತ ನಾಣ್ಯಗಳವು. ಆದರೆ ಕರ್ನಾಟಕದ ಇತಿಹಾಸಕ್ಕೆ ಈ ಹೆಸರು ಅದಕ್ಕೂ ನಾಲ್ಕು ಶತಮಾನ ಮುಂಚೆ, ಬೇರೆ ವೇಷದಲ್ಲಿ ಬಂದಿದೆ. ವಿಜಯನಗರದ ವೈಭವವನ್ನು ಬರೆದಿಟ್ಟ ಪೋರ್ಚುಗೀಸ್ ಬಾರ್ಬೋಸಾನನ್ನು ಶಾಲೆಯ ಪಾಠದಲ್ಲಿ ಓದಿದವರು ಬಹಳ. ಅವನ ಪೂರ್ತಿ ಹೆಸರು ದುವಾರ್ತೆ ಬಾರ್ಬೋಸಾ. ‘ದುವಾರ್ತೆ’ ಅಂದರೆ ಎಡ್ವರ್ಡ್‌ನ ಪೋರ್ಚುಗೀಸ್ ರೂಪ. ಇಂಗ್ಲೆಂಡಿನ 3ನೇ ಎಡ್ವರ್ಡನ ಮೊಮ್ಮಗಳು ಫಿಲಿಪಾ ಪೋರ್ಚುಗಲ್ಲಿನ ರಾಣಿಯಾದಳು, ಮಗನಿಗೆ ತನ್ನ ಅಜ್ಜನ ಹೆಸರಿಟ್ಟಳು, ಅವನು 1433ರಲ್ಲಿ ದುವಾರ್ತೆ ದೊರೆಯಾದ. ಮನೆತನದ ಹೆಸರು ಪೋರ್ಚುಗೀಸ್ ಆಗಿರುವ ಮಂಗಳೂರು, ಗೋವಾ ಕಡೆಯವರು ಎಡ್ವರ್ಡ್‌ಗೆ ಬದಲಾಗಿ ದುವಾರ್ತೆ ಅಥವಾ ಎದುವಾರ್ದೊ ಎಂಬುದನ್ನೂ ಯೋಚಿಸಬಹುದು.

ಎಡ್ವಿನ್ ಹೆಸರಿಗೆ ಇಂಡಿಯಾದಲ್ಲಿ ಎರಡು ದೊಡ್ಡ ಗುರುತು: ಹೊಸ ದೆಹಲಿಯನ್ನು ವಿನ್ಯಾಸ ಮಾಡಿದ ಎಡ್ವಿನ್ ಲಟಿಯೆನ್ಸ್, ಮತ್ತು 1919ರ ಆಡಳಿತ ಸುಧಾರಣೆಗಳ ಎಡ್ವಿನ್ ಮಾಂಟೆಗ್ಯು. ಎಡ್ಮಂಡ್ ಎಂದೊಡನೆ ನಮಗೆ ನೆನಪಾಗುವುದು ತೇನ್‌ಸಿಂಗ್ ಜೊತೆ 1953ರ ಮೇ 29ರಂದು ಎವರೆಸ್ಟ್ ಏರಿದ ಹಿಲರಿ. ವಾರನ್ ಹೇಸ್ಟಿಂಗ್ಸ್ ಮೇಲೆ ಬ್ರಿಟಿಷ್ ಸಂಸತ್ತಿನಲ್ಲಿ ವಿಚಾರಣೆಗೆ ಪಟ್ಟು ಹಿಡಿದ ಬರ್ಕ್ ಕೂಡ ಎಡ್ಮಂಡನೇ. ಎಡ್ಗರ್‌ಗೆ ಇಲ್ಲಿ ಅಷ್ಟು ಪರಿಚಿತವಾದ ಮುಖವಿಲ್ಲ. ಹೊಸದಾಗಿ ಕೇಳಿಸಬೇಕು ಎನ್ನುವವರಿಗೆ ಅದೇ ಅನುಕೂಲ.

ಬಾಯಲ್ಲಿ ಹೇಗೆ, ಬರಹದಲ್ಲಿ ಹೇಗೆ

ಕನ್ನಡದ ನಾಲಿಗೆ ‘ಡ್’ ಎಂಬ ಅರ್ಧಾಕ್ಷರದ ಮುಂದೆ ಸ್ವರ ಸೇರಿಸಿಬಿಡುತ್ತದೆ. ಎಡವರ್ಡು, ಎಡಮಂಡು, ಎಡಗರ್, ಎಡವಿನ್ ಆಗುತ್ತವೆ. ಹಾಗಾದಾಗ ‘ಎಡ’ ಎಂಬ ನಮ್ಮ ಪದ ಎದ್ದು ಕಾಣುತ್ತದೆ, ಎಡ್ವರ್ಡ್ ಅಂತೂ ‘ಎಡವಟ್ಟು’ಗೆ ಬಹಳ ಹತ್ತಿರ. ಶಾಲೆಯ ಅಂಗಳದಲ್ಲಿ ಮಕ್ಕಳು ಇದನ್ನು ಬಿಡುವುದಿಲ್ಲ. ಕನ್ನಡ ಶಾಲೆಗೆ ಹೋಗುವ ಮಗುವಾದರೆ ಇದನ್ನು ಮೊದಲೇ ಯೋಚಿಸಿ. ನಾಲ್ಕರಲ್ಲಿ ಸಲೀಸಾಗಿ ನಿಲ್ಲುವುದು ಎಡ್ವಿನ್, ಅಶ್ವಿನ್ ಹೆಸರಿಗೆ ಒಗ್ಗಿದ ಕಿವಿಗೆ ಅದು ಹೊರಗಿನದೆನಿಸುವುದಿಲ್ಲ.

ಮನೆತನದ ಹೆಸರನ್ನೂ ಸೇರಿಸಿ ಜೋರಾಗಿ ಹತ್ತು ಸಲ ಹೇಳಿ ನೋಡಿ. ಡಿಸೋಜಾ, ಡಿಸಿಲ್ವಾ ಹೀಗೆ ಡಕಾರದಿಂದ ಶುರುವಾಗುವ ಹೆಸರಿನ ಮುಂದೆ ಎಡ್ವರ್ಡ್, ಎಡ್ಮಂಡ್ ಇಟ್ಟರೆ ಎರಡು ಡಕಾರ ಡಿಕ್ಕಿ ಹೊಡೆದು ಒಂದು ನುಂಗಿಹೋಗುತ್ತದೆ. ಎಡ್ವಿನ್, ಎಡ್ಗರ್‌ಗೆ ಆ ತೊಂದರೆ ಇಲ್ಲ. ವಿಭಕ್ತಿ ಹಚ್ಚಿಯೂ ನೋಡಬೇಕು: ಎಡ್ಮಂಡನಿಗೆ, ಎಡ್ಗರನಿಗೆ, ಎಡ್ವರ್ಡನಿಗೆ ಸರಾಗ. ‘ಎಡ್ವಿನ್‌ಗೆ’ ಎಂದು ಟೈಪ್ ಮಾಡುವಾಗ ನ್ ಮತ್ತು ಗೆ ನಡುವೆ ಅಕ್ಷರ ಕೂಡದಂತೆ ತಡೆಯುವ ಕೀಲಿ ಒತ್ತದಿದ್ದರೆ ‘ಎಡ್ವಿನ್ಗೆ’ ಎಂದು ಒತ್ತಕ್ಷರ ಮೂಡುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿ ಹೆಚ್ಚು ಕೆಡುವುದು ಎರಡು ಕಡೆ. ನಮ್ಮ ‘ವ’ ಒಂದೇ ಆದ್ದರಿಂದ ಎಡ್ವಿನ್, ಎಡ್ವರ್ಡ್ ಎರಡರಲ್ಲೂ ಡಬ್ಲ್ಯೂ ಜಾಗಕ್ಕೆ ವಿ ಬಂದುಬಿಡುತ್ತದೆ. ವಿ ಇರುವ ಎಡ್ವರ್ಡ್ ನಾರ್ವೆಯ ರೂಪ, ಇಂಗ್ಲಿಷಿನದಲ್ಲ. ಎಡ್ಮಂಡ್‌ನಲ್ಲಿ ಯು ಬರೆದರೆ ಇಂಗ್ಲಿಷ್ ರೂಪ, ಒ ಬರೆದರೆ ಫ್ರೆಂಚ್ ರೂಪ. ಎರಡೂ ಸರಿ, ಆದರೆ ಜನನ ಪತ್ರದಲ್ಲಿ ಒಂದು, ಚರ್ಚಿನ ದಾಖಲೆಯಲ್ಲಿ ಇನ್ನೊಂದು ಇದ್ದರೆ ಪಾಸ್‌ಪೋರ್ಟಿನ ಹೊತ್ತಿಗೆ ಓಡಾಟ ತಪ್ಪದು. ದಾಖಲೆಯ ದೃಷ್ಟಿಯಿಂದ ಎಡ್ಗರ್ ಅತ್ಯಂತ ನಿಶ್ಚಿಂತೆಯ ಹೆಸರು, ಅದರ ಕಾಗುಣಿತದಲ್ಲಿ ಗೊಂದಲಕ್ಕೆ ಎಡೆ ಕಡಿಮೆ.

ಕರೆಯುವ ಹೆಸರು ನಾಲ್ಕಕ್ಕೂ ಎಡ್, ಎಡ್ಡಿ. ಎಡ್ವರ್ಡ್‌ಗೆ ನೆಡ್, ಟೆಡ್ ಎಂಬವೂ ಇವೆ. ‘ನೆಡ್’ ಹುಟ್ಟಿದ್ದು ಪದವನ್ನು ತಪ್ಪು ಜಾಗದಲ್ಲಿ ಬಿಡಿಸಿದ್ದರಿಂದ: ನನ್ನ ಎಡ್ ಎನ್ನಲು ‘ಮೈನ್ ಎಡ್’ ಎನ್ನುತ್ತಿದ್ದರು, ಕಿವಿ ಅದನ್ನು ‘ಮೈ ನೆಡ್’ ಎಂದು ಕೇಳಿಕೊಂಡಿತು. ಟೆಡ್ ಎಂಬುದು ಥಿಯೋಡರ್‌ಗೂ ಸಲ್ಲುತ್ತದೆ. ಐರ್ಲೆಂಡಿನಲ್ಲಿ ‘ಏಮನ್’ ಮೂಲತಃ ಎಡ್ಮಂಡ್, ಆದರೂ ಎಡ್ವರ್ಡ್‌ಗೂ ಬಳಸುತ್ತಾರೆ. ಅಲ್ಲಿನ ನಾಯಕ ಏಮನ್ ಡಿ ವಲೇರಾ ಇಂಗ್ಲಿಷಿನಲ್ಲಿ ಎಡ್ವರ್ಡ್. ಅಣ್ಣನಿಗೆ ಎಡ್ವರ್ಡ್, ತಮ್ಮನಿಗೆ ಎಡ್ವಿನ್ ಇಡುವುದು ಆಂಗ್ಲೋ ಸ್ಯಾಕ್ಸನ್ ರಾಜರಿಗೆ ಹೆಮ್ಮೆ. ಇಂದು ಒಂದೇ ಮನೆಯಲ್ಲಿ ಇಬ್ಬರು ಎಡ್ಡಿಗಳಾದರೆ ಅಂಚೆ, ಬ್ಯಾಂಕು, ಶಾಲೆ ಎಲ್ಲ ಕಡೆ ಒಬ್ಬರ ಕಾಗದ ಇನ್ನೊಬ್ಬರ ಕೈ ಸೇರುತ್ತದೆ.

ಹೆಣ್ಣುಮಗುವಾದರೆ

ಎಡಿತ್ ಈ ಕುಟುಂಬದ ಹಳೆಯ ಹೆಣ್ಣು ಹೆಸರು. ಉತ್ತರಪದದ ಅರ್ಥ ಯುದ್ಧ. ಎಡ್ಗರ್ ದೊರೆಯ ಮಗಳು, ವಿಲ್ಟನ್ ಮಠದ ಸಂತ ಎಡಿತ್‌ಳ ಹಬ್ಬ ಸೆಪ್ಟೆಂಬರ್ 16ಕ್ಕೆ. ಎಡ್ವಿನಾ ತೀರ ಈಚಿನದು. 1901ರಲ್ಲಿ ಹುಟ್ಟಿದ ಎಡ್ವಿನಾ ಮೌಂಟ್‌ಬ್ಯಾಟನ್‌ಗೆ 7ನೇ ಎಡ್ವರ್ಡನೇ ಗಾಡ್‌ಫಾದರ್. ಇತಿಹಾಸದ ತೂಕ ಬೇಕಾದವರಿಗೆ ಎಡಿತ್ ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ಹಾಗಾದರೆ ಯಾವುದು

ಜ್ಞಾನಸ್ನಾನಕ್ಕೆ ಪಾಲಕ ಸಂತರ ಹಬ್ಬ ನೋಡುವ ಮನೆಗಳಿಗೆ ಅಕ್ಟೋಬರ್ ಹೊತ್ತು ಅನುಕೂಲ: 12 ದೊರೆ ಎಡ್ವಿನ್‌ಗೆ, 13 ಎಡ್ವರ್ಡ್‌ಗೆ. ನವೆಂಬರಿನಲ್ಲಿ ಹುಟ್ಟಿದ ಮಗುವಿಗೆ ಎಡ್ಮಂಡ್ ಹೇಳಿಸಿದಂತಿದೆ. 20 ಹುತಾತ್ಮ ದೊರೆಯ ದಿನ, 16 ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಇನ್ನೊಬ್ಬ ಸಂತ ಎಡ್ಮಂಡ್‌ನದು. ಎಡ್ಗರ್‌ನ ನೆನಪು ಜುಲೈ 8ಕ್ಕೆ, ಆದರೆ ಸಂತನಾಗಿ ಅವನ ಆರಾಧನೆ ಗ್ಲಾಸ್ಟನ್‌ಬರಿಯ ಆಚೆ ಹೆಚ್ಚು ಹಬ್ಬಲಿಲ್ಲ.

ಕನ್ನಡದ ನಡುವೆ ಬೆಳೆಯುವ ಮಗುವಿಗೆ ನಮ್ಮ ಮೊದಲ ಆಯ್ಕೆ ಎಡ್ವಿನ್. ಇಂಗ್ಲೆಂಡಿನಲ್ಲಿ ಬೆಳೆಯುವ ಮಗುವಿಗೆ ಎಡ್ಮಂಡ್: ಅರ್ಥ ಗಟ್ಟಿ, ಬಳಕೆ ಹಳೆಯದು, ಎಡ್ವರ್ಡ್‌ನಷ್ಟು ಸವೆದದ್ದಲ್ಲ. ಎಡ್ವರ್ಡ್ ಇಡಲು ಒಳ್ಳೆಯ ಕಾರಣ ಅಜ್ಜನೋ ಮುತ್ತಜ್ಜನೋ ಅದೇ ಹೆಸರಿನವರಾಗಿದ್ದರೆ. ಆಗ ಮೇಲಿನ ಯಾವ ಲೆಕ್ಕವೂ ಬೇಕಾಗಿಲ್ಲ.

ತೀರ್ಮಾನಕ್ಕೆ ಅವಸರ ಪಡಬೇಡಿ. ಇಲ್ಲಿ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಬರೆಸದೆಯೂ ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆ ಬಳಿಕ 15 ವರ್ಷದವರೆಗೆ ಶುಲ್ಕ ಕಟ್ಟಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಂದಣಿಗೆ 42 ದಿನ ಸಮಯ. ಎರಡೂ ಕಡೆ ಪತ್ರ ಕೈಗೆ ಬಂದೊಡನೆ ಕೌಂಟರಿನಿಂದ ಸರಿಯುವ ಮುಂಚೆಯೇ ಡಬ್ಲ್ಯೂ ಇದೆಯೋ ವಿ ಇದೆಯೋ, ಯು ಇದೆಯೋ ಒ ಇದೆಯೋ ಎಂದು ಒಂದೊಂದೇ ಅಕ್ಷರ ಓದಿ ನೋಡಿ.